ಟೈಮಿಗೆ ಸರಿಯಾಗಿ ಕುಸಿದ ಹಿಮ

ಬಾಯಿ ತುಂಬ ಹಿಮ.

ಕೈ ಅಲ್ಲಾಡುತ್ತಿಲ್ಲ. ಕಾಲೂ ಅಷ್ಟೇ. ಕುಸಿದು ಬಂದ ಹಿಮ ನಿಂತ ಕೂಡಲೇ ಸಿಮೆಂಟಾಗುತ್ತದೆ ಸ್ವಾಮಿ... ಉಸಿರಿಗೆ ಎದೆ ಉಬ್ಬಿಸಲೂ ಜಾಗ ಕೊಡುವುದಿಲ್ಲ.

ಹೆದರಿಕೆ ಆಯಿತಾ ಅಂತ ಕೇಳುತ್ತೀರಾ? ಇಲ್ಲ. ಏನೂ ಆಗಲಿಲ್ಲ. ವರ್ಷಗಟ್ಟಲೆ ಬೆಟ್ಟದಿಂದ ಹೆಣ ಇಳಿಸಿದವನ ಎದೆಯೊಳಗೆ ಯಾವುದೋ ತಂತಿ ಕಡಿದುಹೋಗಿರುತ್ತದೆ. ಓಹೋ, ಈ ಸಲ ನನ್ನ ಸರದಿ... ಅನ್ನಿಸಿದ್ದು ಅಷ್ಟೇ.

ಆದರೆ ಹಿಮ ಜಾರುವ ಮೊದಲು ಕೇಳಿದ ಶಬ್ದ ಕಿವಿಯಲ್ಲಿ ಕೂತುಬಿಟ್ಟಿತ್ತು.

ಢಂ!

ತಾನಾಗಿ ಕುಸಿಯುವ ಹಿಮ ಢಂ ಅನ್ನುವುದಿಲ್ಲ.

ತಲೆಯ ಮೇಲೆ ಸಲಿಕೆಯ ಸದ್ದು. ಆಮೇಲೆ ಬೆಳಕು. ಆಮೇಲೆ ಬುರ್ಗಿಯ ಕೆಂಪು ಮೂಗು. ನನ್ನ ಎದೆಗೆ ಕಟ್ಟಿದ್ದ ಬೀಪ್ ಯಂತ್ರದ ಜಾಡು ಹಿಡಿದು ಬಂದು ಅಗೆಯುತ್ತಿದ್ದಳು.

"ಜೀವ ಇದೆಯೇನೋ ವೆಂಡೆಲ್?"

"ಇದ್ದ ಹಾಗಿದೆ."

"ಹಾಗಿದ್ರೆ ಕೈ ಆಡಿಸು. ಮುದುಕಿ ಹತ್ರ ಎಲ್ಲಾ ಅಗೆಸ್ಬೇಡ."

ಬುರ್ಗಿ ಯಾರು ಅಂತ ಹೇಳಿಬಿಡುತ್ತೇನೆ. ನಮ್ಮ ಟಿರೋಲ್ ಕಣಿವೆಯಲ್ಲಿ ಹಸು ಸಾಕುವ ಹೆಂಗಸು. ಜೊತೆಗೆ ಊರಿನ ಹಿಮಕುಸಿತ ಸಮಿತಿಯ ಮುಖ್ಯಸ್ಥೆ. ಅವಳು ಮುಚ್ಚಿ ಅಂದರೆ ಸ್ಕೀ ಇಳಿಜಾರು ಮುಚ್ಚಲೇಬೇಕು. ಈಸ್ಟರ್ ರಜೆ ಶುರುವಾದಾಗಿನಿಂದ ಲಾಂಬರ್ಟ್ ಗ್ರೂಬರ್‌ನ ಇಳಿಜಾರನ್ನು ಮುಚ್ಚಿಸಿ ಕೂತಿದ್ದಳು. ಊರಿನ ರೋಪ್‌ವೇ ಗ್ರೂಬರ್‌ದು. ದೊಡ್ಡ ಹೋಟೆಲ್ಲೂ ಅವನದೇ.

ನಾನೂ ಅವನವನೇ. ಮೊದಲು ಬೆಟ್ಟದ ಗೈಡ್ ಆಗಿದ್ದೆ, ಆಮೇಲೆ ಅವನ ಕೈಯಾಳಾದೆ. ಕುಡಿದು ಗಲಾಟೆ ಮಾಡುವ ಅತಿಥಿಯನ್ನು ಹೊರಗೆ ಹಾಕುವುದು, ಕೆದಕಲು ಬಂದ ಪತ್ರಕರ್ತನಿಗೆ ವಾಪಸ್ ಬಸ್ ತೋರಿಸುವುದು... ಅಂಥ ಕೆಲಸಗಳು.

ಹಿಂದಿನ ದಿನ ಗ್ರೂಬರ್ ನನ್ನನ್ನು ಕರೆಸಿದ್ದ. ಬುರ್ಗಿ ಹಿಮನದಿ ಹತ್ತಿ ಶಿಖರಕ್ಕೆ ಹೋಗುತ್ತಾಳಂತೆ. ಇಳಿಜಾರಿನ ಮೇಲಿರುವ ಹಿಮವನ್ನು ಕಣ್ಣಾರೆ ನೋಡಿ, ಸಂಜೆ ಸಮಿತಿಯಲ್ಲಿ ತೀರ್ಮಾನ ಹೇಳುತ್ತಾಳಂತೆ. ಹಿಮನದಿಯ ಮೇಲೆ ಒಬ್ಬರೇ ಹೋಗುವ ಹಾಗಿಲ್ಲ, ನೀನು ಜೊತೆಗೆ ಹೋಗು ಎಂದ. ಅವಳ ಕೂದಲು ಕೊಂಕಿದರೂ ಊರು ತನ್ನತ್ತ ಬೆರಳು ತೋರಿಸುತ್ತದೆ ಎಂದು ಪೇಚಾಡಿದ. ಧ್ವನಿ ಬೆಣ್ಣೆಯ ಹಾಗಿತ್ತು.

"ಪಕ್ಕಾ ಪ್ಲಾನ್ ಮಾಡು. ಯಾವ ದಾರಿ, ಎಷ್ಟೊತ್ತಿಗೆ ಎಲ್ಲಿರ್ತೀರ... ಎಲ್ಲಾ ನನಗೆ ಹೇಳಿ ಹೋಗು. ನನ್ನ ಉಪ್ಪು ತಿಂದಿದ್ದೀಯ, ಎಡವಟ್ಟು ಮಾಡ್ಬೇಡ."

ಅದು ಸರಿಯಾದ ಮಾತೇ. ಬೆಟ್ಟಕ್ಕೆ ಹೋಗುವವರು ಕೆಳಗೆ ಒಬ್ಬರಿಗೆ ದಾರಿ, ಹೊತ್ತು ಹೇಳಿಟ್ಟು ಹೋಗುತ್ತಾರೆ. ಬರುವುದು ತಡವಾದರೆ ಅವರು ರಕ್ಷಣಾ ದಳಕ್ಕೆ ಫೋನ್ ಮಾಡುತ್ತಾರೆ. ನಾನು ಸಂಜೆಯೆಲ್ಲ ನಕಾಶೆ ಹರಡಿಕೊಂಡು ಕೂತೆ. ಯಾವ ಇಳಿಜಾರು ಎಷ್ಟು ಕಡಿದು, ಎಲ್ಲಿ ಬಿಸಿಲು ಮೊದಲು ಬೀಳುತ್ತದೆ, ಎಲ್ಲಿ ಒಬ್ಬೊಬ್ಬರಾಗಿ ದಾಟಬೇಕು, ಹಿಮ ಮೆತ್ತಗಾಗುವ ಮೊದಲು ಎಲ್ಲಿಗೆ ಮುಟ್ಟಿರಬೇಕು... ಎಲ್ಲ ಲೆಕ್ಕ ಹಾಕಿದೆ. ಹೋಗಿ ಗ್ರೂಬರ್‌ಗೆ ಒಪ್ಪಿಸಿದೆ. ಕುರಿ ಯಾವ ದಾರಿಯಲ್ಲಿ ಬರುತ್ತದೆ ಅಂತ ತೋಳಕ್ಕೆ ಹೇಳಿದ ಹಾಗೆ.

ಹತ್ತಿದ್ದು ಸಲೀಸಾಗಿಯೇ. ಬೆಳಕು ಹರಿಯುವ ಹೊತ್ತಿಗೆ ಹಿಮನದಿಯ ಮೇಲಿದ್ದೆವು. ಇಬ್ಬರ ನಡುವೆ ಹಗ್ಗ. ಶಿಖರದ ಮೇಲೆ ನೆಟ್ಟಿದ್ದ ಶಿಲುಬೆಯ ಕೆಳಗೆ ಕೈ ಕುಲುಕಿದೆವು. ಬುರ್ಗಿ ದುರ್ಬೀನು ಹಿಡಿದು ಬಹಳ ಹೊತ್ತು ಕೆಳಗೆ ನೋಡಿದಳು. ಗ್ರೂಬರ್‌ನ ಇಳಿಜಾರಿನ ನೆತ್ತಿಯ ಮೇಲೆ, ಹಿಮಕ್ಕೆ ಅಡ್ಡಲಾಗಿ ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಇವತ್ತೋ ನಾಳೆಯೋ ಬೀಳುತ್ತೆ. ಮುಚ್ಚೇ ಇರ್ಬೇಕು," ಎಂದಳು.

ಗ್ರೂಬರ್ ಬಾಯಿ ಬಡಿದುಕೊಳ್ಳುತ್ತಾನೆ ಎಂದೆ.

"ಬಡ್ಕೊಳ್ಲಿ. ಮಕ್ಕಳ ಬಾಯಿಗೆ ಹಿಮ ತುಂಬೋದಕ್ಕಿಂತ ವಾಸಿ."

ಇಳಿಯುವಾಗ ಮೊದಲ ಕಡಿದಾದ ಜಾಗ. ಪ್ಲಾನಿನ ಪ್ರಕಾರ ಒಬ್ಬೊಬ್ಬರಾಗಿ ದಾಟಬೇಕು. ನಾನು ಮೊದಲು ಹೊರಟೆ, ಅವಳು ಬಂಡೆಯ ಮರೆಯಲ್ಲಿ ಉಳಿದಳು. ಅರ್ಧ ದಾರಿಗೆ ಬಂದಿದ್ದೆ...

ಢಂ!

ಈಗ ಅಗೆದು ತೆಗೆದ ಮೇಲೆ ಕತ್ತೆತ್ತಿ ನೋಡಿದೆ. ಬೆಟ್ಟದ ಏಣಿನ ಮೇಲೆ ಕಬ್ಬಿಣದ ಕೊಳವೆ. ಬಾಯಲ್ಲಿ ಇನ್ನೂ ಹೊಗೆ. ಅತಿಥಿಗಳು ಏಳುವ ಮೊದಲು ಹಿಮವನ್ನು ಬೇಕೆಂದೇ ಬೀಳಿಸಲು ರೋಪ್‌ವೇಯವರು ನೆಟ್ಟ ಸ್ಫೋಟದ ಕೊಳವೆ ಅದು. ಅದನ್ನು ಸಿಡಿಸುವುದು ನಸುಕಿನಲ್ಲಿ ಮಾತ್ರ. ಒತ್ತುವ ಗುಂಡಿ ಇರುವುದು ಗ್ರೂಬರ್‌ನ ಆಫೀಸಿನಲ್ಲಿ.

ಬುರ್ಗಿಯೂ ಅದನ್ನೇ ನೋಡುತ್ತಿದ್ದಳು.

"ಪ್ಲಾನ್ ಯಾರಿಗೆ ಹೇಳಿದ್ದೆ?"

"ಒಬ್ಬನಿಗೇ."

ಅವಳು ಬೈಯಲಿಲ್ಲ. ಸಲಿಕೆ ಒರೆಸಿದಳು.

"ಮುಂದೆ ಯಾವ ಜಾಗ?"

"ಕೆಳಗಿನ ಗಲ್ಲಿ. ಹನ್ನೊಂದೂವರೆಗೆ."

ಗಲ್ಲಿ ಅಂದರೆ ಎರಡು ಬಂಡೆಗೋಡೆಗಳ ನಡುವಿನ ಹಿಮದ ಕಡಿದಾದ ಕೊರಕಲು. ಅದರ ಮೇಲೂ ಒಂದು ಕೊಳವೆ ಇತ್ತು. ಮೊದಲನೆಯದರಲ್ಲಿ ಉಳಿದವರಿಗೆ ಎರಡನೆಯದು. ಅಲ್ಲಿ ಫೋನ್ ಸಿಗುವುದಿಲ್ಲ, ಬೇರೆ ದಾರಿಯೂ ಇಲ್ಲ. ನಾವು ಬಂಡೆಯ ಹಿಂದೆ ಕೂತೆವು. ಬುರ್ಗಿ ಹೊಗೆ ಹಾಕಿದ ಹಂದಿ ಮಾಂಸವನ್ನು ತೆಳ್ಳಗೆ ಕೊಯ್ದು ಕಪ್ಪು ರೊಟ್ಟಿಯ ಮೇಲಿಟ್ಟು ಕೊಟ್ಟಳು. ನಮ್ಮದೇ ಕೊಲೆಗೆ ಕಾಯುತ್ತ, ಬಸ್ಸಿಗೆ ಕಾಯುವವರ ಹಾಗೆ ಅಗಿದೆವು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೇಜಾರು ಮಾತ್ರ ಸ್ವಲ್ಪ ಆಯಿತು. ಇಷ್ಟು ವರ್ಷ ಅನ್ನ ಹಾಕಿದವನು ಗುಂಡಿ ಒತ್ತುವಾಗ ನನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡನಲ್ಲ ಅಂತ.

ಹನ್ನೊಂದೂವರೆ.

ಢಂ!

ಇಡೀ ಗಲ್ಲಿ ಕಿತ್ತುಕೊಂಡು ಕೆಳಗೆ ಹೋಯಿತು. ಹಿಮದ ಧೂಳು ಮೇಲೆದ್ದು ರೊಟ್ಟಿಯ ಮೇಲೆಲ್ಲ ಕೂತಿತು.

"ಟೈಮಿಗೆ ಸರಿಯಾಗಿ," ಎಂದಳು ಬುರ್ಗಿ.

ರೊಟ್ಟಿ ಮುಗಿಯುವುದರೊಳಗೆ ಹೆಲಿಕಾಪ್ಟರ್ ಬಂತು. ರಕ್ಷಣಾ ದಳದ ಗೀಡಿ ಇಳಿದು ಬಂದ. ಎರಡು ಹೆಣ ಹುಡುಕಲು ಬಂದವನು ನಮ್ಮನ್ನು ನೋಡಿ ಬಿಳಿಚಿಕೊಂಡ. ನೀವಿಬ್ಬರೂ ಗಲ್ಲಿಯಲ್ಲಿ ಹೂತುಹೋಗಿದ್ದೀರಿ ಅಂತ ಗ್ರೂಬರ್ ಅಳುತ್ತ ಫೋನ್ ಮಾಡಿದನಂತೆ. ಆಗಲೇ ಸಮಿತಿಯನ್ನೂ ಕರೆದಿದ್ದಾನಂತೆ.

ಕಣಿವೆಯಿಂದ ಆ ಗಲ್ಲಿ ಕಾಣುವುದಿಲ್ಲ ಸ್ವಾಮಿ. ಮಧ್ಯೆ ಒಂದು ಬೆಟ್ಟವೇ ಅಡ್ಡ ಇದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಅವನು ಹೆಗಲು ಮುಟ್ಟಿ ನೋಡಿಕೊಂಡಿದ್ದ.

ನಾವು ಬದುಕಿರುವುದನ್ನು ವೈರ್‌ಲೆಸ್‌ನಲ್ಲಿ ಹೇಳಬೇಡ, ಪೊಲೀಸರನ್ನು ಮಾತ್ರ ಕರೆಸು ಎಂದಳು ಬುರ್ಗಿ.

ಹೋಟೆಲ್ಲಿನ ಒಳಕೋಣೆಯಲ್ಲಿ ಸಮಿತಿಯವರು ಟೋಪಿ ತೆಗೆದು ಕೂತಿದ್ದರು. ಗ್ರೂಬರ್ ನಿಂತು ಮಾತಾಡುತ್ತಿದ್ದ. ಬುರ್ಗಿಯ ಆತ್ಮಕ್ಕೆ ಶಾಂತಿ ಸಿಗಲಿ, ಇಳಿಜಾರು ಈಗ ಸುರಕ್ಷಿತವಾಗಿದೆ, ನಾಳೆ ಬೆಳಿಗ್ಗೆ ತೆರೆಯೋಣ... ಇಷ್ಟು ಹೇಳುವಾಗ ಬಾಗಿಲು ತೆರೆಯಿತು. ಬುರ್ಗಿ ಒದ್ದೆ ಬೂಟಿನಲ್ಲೇ ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಮುಂದುವರ್ಸು ಲಾಂಬರ್ಟ್."

ಅವನು ಅಡುಗೆಮನೆಯತ್ತ ಓಡಿದ. ನಾನು ಹಿಂದೆ. ಪಾತ್ರೆಗಳು ಉರುಳಿದವು, ಕುದಿಯುವ ಸಾರು ನನ್ನ ಕೈ ಮೇಲೆ ಚೆಲ್ಲಿತು, ಏನೂ ಗೊತ್ತಾಗಲಿಲ್ಲ. ಹಿತ್ತಲಲ್ಲಿ ಹಿಮದ ಬೈಕು ಹತ್ತಿ ಹೊರಟೇಬಿಟ್ಟ. ರಸ್ತೆಯ ಕಡೆಯಿಂದ ಪೊಲೀಸ್ ಸೈರನ್. ಇನ್ನೊಂದೇ ದಾರಿ ಉಳಿದಿತ್ತು. ಮುಚ್ಚಿದ ಇಳಿಜಾರನ್ನು ಹತ್ತಿ, ಬೆಟ್ಟ ದಾಟಿ, ಇಟಲಿಗೆ.

ಇಳಿಜಾರಿನ ಬುಡದಲ್ಲಿ, ಮುಚ್ಚಿದೆ ಎಂಬ ಗುರುತಿಗೆ ಕಟ್ಟಿದ ಹಗ್ಗದ ಹತ್ತಿರ ಬೈಕು ನಿಂತಿತು. ಎಂಜಿನ್ ಗುರುಗುಡುತ್ತಿತ್ತು. ನಾನು ನಡೆದೇ ಹೋದೆ. ಹಿಂದೆ ಸಮಿತಿ, ಅಡುಗೆಯವರು, ಅತಿಥಿಗಳು... ಅರ್ಧ ಊರೇ ನಿಂತಿತ್ತು.

"ಹೋಗಿ ಬಾಸ್," ಎಂದೆ. "ನಾನು ತಡಿಯಲ್ಲ. ಸುರಕ್ಷಿತವಾಗಿದೆ ಅಂತ ನೀವೇ ಹೇಳಿದ್ರಲ್ಲ."

ಗ್ರೂಬರ್ ತಲೆಯೆತ್ತಿ ನೋಡಿದ. ಮಧ್ಯಾಹ್ನದ ಬಿಸಿಲು. ನೆತ್ತಿಯ ಮೇಲಿನ ಹಿಮ ಹೊಳೆಯುತ್ತಿತ್ತು.

ಎಂಜಿನ್ ಆಫ್ ಮಾಡಿದ.

ಎರಡು ದಿನ ಬಿಟ್ಟು ಆ ಹಿಮ ತಾನಾಗಿಯೇ ಬಿತ್ತು. ಮಕ್ಕಳು ಸ್ಕೀ ಕಲಿಯುವ ಜಾಗ ಪೂರ್ತಿ ಮುಚ್ಚಿಹೋಯಿತು. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆವತ್ತು ಸಂಜೆ ಬಾರಿನಲ್ಲಿ ಜನ ಬುರ್ಗಿಯನ್ನು ಬೈಯುತ್ತಿದ್ದರು, ಮುದುಕಿ ಇಡೀ ಈಸ್ಟರ್ ಹಾಳು ಮಾಡಿದಳು ಅಂತ. ಅವಳು ಪಕ್ಕದ ಮೇಜಿನಲ್ಲಿ ಕೂತು ಸೂಪ್ ಕುಡಿಯುತ್ತಿದ್ದಳು.

ಯಾರೂ ಸಾಯಲಿಲ್ಲ ನೋಡಿ... ಹಾಗಾಗಿ ಯಾರೂ ಥ್ಯಾಂಕ್ಸ್ ಹೇಳಲಿಲ್ಲ.