ಮೂರನೇ ಬಾವಿಯ ಮೌನ

"ಈ ಸಮುದ್ರ ಸತ್ತುಹೋಗಿದೆಯಾ?"

ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಅವಳು ಕೇಳಿದಳು. ಎದುರಿಗೆ ಕುಳಿತಿದ್ದವನು ತೈಲ ಕಂಪನಿಯ ಯೋಜನಾ ಎಂಜಿನಿಯರ್. ಇಸ್ತ್ರಿ ಕಾಣದ ಅಂಗಿ, ಕೈತುಂಬ ನಕ್ಷೆಗಳು, ಮತ್ತು... ಅಯ್ಯೋ, ಎಂಥ ಶಾಂತ ಕಣ್ಣುಗಳು!

ಇರಲಿ. ಅವಳು ಪರಿಸರ ಪರಿಶೀಲನಾಧಿಕಾರಿ. ಕಣ್ಣುಗಳ ಪರಿಶೀಲನೆ ಅವಳ ಕೆಲಸದಲ್ಲಿ ಬರುವುದಿಲ್ಲ.

"ಹಾಗಂದ್ರೆ ಏನು ಮೇಡಂ?"

"ಮೂರನೇ ಬಾವಿ ಕೊರೆಯೋ ಜಾಗದಲ್ಲಿ ನಲವತ್ತು ದಿನ ನೀರೊಳಗೆ ಮೈಕ್ ಇಳಿಸಿದ್ದೀರಿ. ಅಲೆ ಕೇಳುತ್ತೆ, ಮೀನು ಕೇಳುತ್ತೆ. ಮಧ್ಯೆ ಇದ್ದಕ್ಕಿದ್ದ ಹಾಗೆ ಏನೂ ಇಲ್ಲ! ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ..."

ಅವನು ಹೆಡ್‌ಫೋನ್ ಹಾಕಿಕೊಂಡ. ಕೇಳುತ್ತ ಕೇಳುತ್ತ ಮುಖ ಇಳಿದುಹೋಯಿತು.

"ನನಗೂ ಹೀಗೇ ಅನ್ನಿಸಿತ್ತು. ನಾನೊಬ್ಬನೇ ಪುಕ್ಕಲ ಅಂದ್ಕೊಂಡಿದ್ದೆ."

ಅವಳಿಗೆ ನಗು ಬಂತು. ಅಲ್ಲಿಗೆ ಮುಗಿಯಿತು ನೋಡಿ, ನಮ್ಮ ಅಧಿಕಾರಿಯ ಕಥೆ!

ಆಮೇಲಿನ ಒಂದು ತಿಂಗಳು ಅವಳು ಪ್ರಶ್ನೆ ಕಳಿಸಿದಳು, ಅವನು ಉತ್ತರ ಹೊತ್ತು ತಾನೇ ಬಂದ. ಮಿಂಚಂಚೆಯಲ್ಲಿ ಕಳಿಸಬಹುದಾಗಿದ್ದ ಹಾಳೆಗಳಿಗೂ ಅವಳ ಕಚೇರಿಯ ಮೂರು ಮಹಡಿ ಹತ್ತಿದ.

"ಆ ಬಾವೀಲಿ ಎಣ್ಣೆ ಸಿಗುತ್ತೋ ಇಲ್ವೋ," ಎಂದಳು ಮನೆಯಲ್ಲಿ ಅವಳ ಅಕ್ಕ. "ಈ ಮನೆಗೆ ಅಳಿಯ ಅಂತೂ ಸಿಗೋ ಹಾಗಿದೆ!"

"ಸುಮ್ಮನಿರೇ!" ಎಂದರೂ ಅವಳ ಕೆನ್ನೆ ಕೆಂಪಾಯಿತು.

ಶುಕ್ರವಾರ ಅನುಮತಿ ಸಭೆ. ಮಂಗಳವಾರ ಬೆಳಿಗ್ಗೆ ಅವರಿಬ್ಬರೂ ಬಾವಿಯ ಜಾಗ ನೋಡಲು ದೋಣಿ ಹತ್ತಿದರು.

ಅಲ್ಲಿ ದಟ್ಟ ಮಂಜು. ದಡವೂ ಇಲ್ಲ, ಆಕಾಶವೂ ಇಲ್ಲ. ದೋಣಿ ನಡೆಸುವವನು ಎಂಜಿನ್ ನಿಲ್ಲಿಸಿದ.

ಟಕ್... ಟಕ್... ಟಕ್...

ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ದೋಣಿಯ ತಳಕ್ಕೆ ಯಾರೋ ಮೊಳೆ ಹೊಡೆಯುತ್ತಿದ್ದಂತೆ, ಒಂದೇ ಅಳತೆಯಲ್ಲಿ. ಅದು ಮುಂದಿನ ತುದಿಯಿಂದ ನಿಧಾನವಾಗಿ ಅವಳ ಪಾದದ ಕೆಳಕ್ಕೇ ಬಂತು.

"ಕೆಳಗಿಂದ ಯಾರೋ ಬಾಗಿಲು ತಟ್ತಿದ್ದಾರೆ ಮೇಡಂ..." ಎಂದ ದೋಣಿಯವನು.

ಎಂಜಿನಿಯರ್ ಒಂದು ಹೆಜ್ಜೆ ಇಟ್ಟ. ಬಡಿತ ಥಟ್ಟನೆ ನಿಂತಿತು. ಅವನು ಅಲುಗಾಡದೆ ನಿಂತ. ಮತ್ತೆ ಶುರುವಾಯಿತು.

ಅದು ಅವರನ್ನು ಕೇಳಿಸಿಕೊಳ್ಳುತ್ತಿತ್ತು!

"ತಿಮಿಂಗಿಲ..." ಅವಳು ಪಿಸುಗುಟ್ಟಿದಳು. "ಆಳಕ್ಕೆ ಇಳಿಯೋ ಜಾತಿ. ಸುತ್ತಿಗೆ ಹೊಡೆದ ಹಾಗೆ ಸದ್ದು ಮಾಡುತ್ತೆ ಅಂತ ಓದಿದ್ದೆ."

ಅಷ್ಟರಲ್ಲಿ ಇನ್ನೊಂದು ಬಡಿತ, ಸಣ್ಣದು, ತಡವರಿಸುವಂಥದ್ದು. ಮರಿ! ಹೆಸರು ಗೊತ್ತಾದರೂ ಅವಳ ಮೈಮೇಲಿನ ನವಿರು ಇಳಿಯಲಿಲ್ಲ. ಆ ಕತ್ತಲ ನೀರಿನಲ್ಲಿ ಒಂದು ತಾಯಿ ತಲೆ ಮೇಲಿನವರನ್ನು ಅಳೆಯುತ್ತಿದ್ದಳು. ಇಲ್ಲಿ ಕೊರೆಯಲು ಶುರುಮಾಡಿದರೆ ಆ ಗದ್ದಲದಲ್ಲಿ ಮರಿಯ ದನಿ ತಾಯಿಗೆ ಕೇಳುವುದೇ ಇಲ್ಲ.

ಮರುಕ್ಷಣ ಅವಳಿಗೆ ಆ ನಲವತ್ತು ದಿನದ ಧ್ವನಿಮುದ್ರಣದ ನಡುವಿನ ಮೌನ ಅರ್ಥವಾಯಿತು.

"ಈ ಸದ್ದನ್ನ ಅಳಿಸಿದ್ದೀರಿ!"

"ಯಂತ್ರದ ಸದ್ದು ಅಂತ... ತೆಗೆಸಿದ್ವಿ."

"ತೆಗೆಸಿದ್ದು ಯಾರು?"

ಅವನು ಬಾಯಿ ತೆರೆದ. ಏನೋ ನೆನಪಾದವನಂತೆ ಅವಳ ಮುಖವನ್ನೇ ನೋಡಿ ಮುಚ್ಚಿಕೊಂಡ.

"ಆದೇಶದ ಮೇಲೆ ನನ್ನ ಸಹಿ ಇದೆ."

'ಮೋಸ! ಆ ಹಾಳೆ, ಆ ಮಹಡಿ, ಆ ನಗು... ಎಲ್ಲ ಅನುಮತಿ ಪತ್ರದ ಮೇಲೆ ನನ್ನ ಸಹಿಗಾಗಿ!' ದಡ ಸೇರುವವರೆಗೂ ಅವಳು ಅವನತ್ತ ತಿರುಗಲಿಲ್ಲ. ಕಣ್ಣೀರು ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಗುರುವಾರ ಮನೆಯಲ್ಲಿ ಕುಳಿತು ಟಿಪ್ಪಣಿ ಬರೆದಳು: ಸಾಕ್ಷ್ಯ ಅಳಿಸಿದ ಎಂಜಿನಿಯರ್‌ನ ಪರವಾನಗಿ ರದ್ದಾಗಬೇಕು. ಅದನ್ನು ಸಭೆಯಲ್ಲಿ ಓದಿದರೆ ಅವನು ಈ ವೃತ್ತಿಯಲ್ಲಿ ಮತ್ತೆ ತಲೆಯೆತ್ತುವಂತಿಲ್ಲ.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣೇ," ಎಂದಳು ಅಕ್ಕ. "ಯಾವ ನಿಯಮ ಮುರಿದ ಅಂತಾದ್ರೂ ಬರಿ."

ಸರಿ, ನಿಯಮದ ಸಂಖ್ಯೆ ಬೇಕಲ್ಲ! ಕಚೇರಿಯ ಕೈಪಿಡಿ ತೆಗೆದಳು. ಒಂಬತ್ತನೇ ನಿಯಮ. 'ಒಂದೇ ಲಯದಲ್ಲಿ ಬರುವ ಸದ್ದು ಯಂತ್ರದ್ದು. ಅದನ್ನು ತೆಗೆದೇ ಧ್ವನಿಮುದ್ರಣ ಸಲ್ಲಿಸತಕ್ಕದ್ದು.'

ಕೆಳಗೆ, ಮೂರು ವರ್ಷದ ಹಿಂದಿನ ದಿನಾಂಕ. ಅದರ ಪಕ್ಕ, ನಿಯಮ ರಚಿಸಿದವರ ಸಹಿ.

ಅವಳದೇ!

ಬಂದರಿನ ದೋಣಿ ಎಂಜಿನ್‌ಗಳ ಸದ್ದಿನ ಕಾಟ ತಪ್ಪಿಸಲು ಅವಸರದಲ್ಲಿ ಬರೆದ ಎರಡು ಸಾಲು. ಈ ಮೂರು ವರ್ಷದಲ್ಲಿ ಎಷ್ಟು ಸಮುದ್ರಗಳ ಬಾಯಿ ಕಟ್ಟಿದೆನೋ... ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ದೋಣಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದ!

ಶುಕ್ರವಾರ ಸಭೆಯಲ್ಲಿ ಅವಳು ಕೈಪಿಡಿ ಹಿಡಿದು ಎದ್ದು ನಿಂತಳು.

"ತಪ್ಪು ಕಂಪನಿಯದ್ದಲ್ಲ. ಒಂಬತ್ತನೇ ನಿಯಮ ಬರೆದದ್ದು ನಾನು. ಅಳಿಸದ ಧ್ವನಿಯನ್ನ ಈ ಎಂಜಿನಿಯರ್ ಬುಧವಾರವೇ ತಾವಾಗಿ ಸಲ್ಲಿಸಿದ್ದಾರೆ, ನಾನು ಕಡತದಲ್ಲಿ ನೋಡಿದ್ದು ಇವತ್ತು ಬೆಳಿಗ್ಗೆ. ಕೇಳಿ."

ಟಕ್... ಟಕ್... ನಡುಹಗಲಿನ ಆ ಸಭಾಂಗಣದಲ್ಲಿ ಒಬ್ಬೊಬ್ಬರೂ ಮೆಲ್ಲಗೆ ಪಾದ ಎತ್ತಿಕೊಂಡರು. ಅಧ್ಯಕ್ಷರು ತಮ್ಮ ಕುರ್ಚಿಯ ಕೆಳಗೊಮ್ಮೆ ಬಗ್ಗಿ ನೋಡಿದರು. ಮೂರನೇ ಬಾವಿಗೆ ಅನುಮತಿ ಸಿಗಲಿಲ್ಲ. ಹಳೆಯ ಬಾವಿಗಳ ಧ್ವನಿಯನ್ನೂ ಮತ್ತೆ ಕೇಳಬೇಕೆಂದಾಯಿತು. ಅವಳ ಮೇಲೆ ವಿಚಾರಣೆಯೂ ಬಂತು.

ಸಭಾಂಗಣದ ಹೊರಗೆ ಅವನು ಕಾದಿದ್ದ.

"ಯಾಕೆ ಹೇಳಲಿಲ್ಲ?" ಅವಳು ಕೇಳಿದಳು.

"ಹೇಳಿದ್ರೆ, ನನ್ನ ತಲೆ ಉಳಿಸ್ಕೊಳ್ಳೋಕೆ ನಿಮ್ಮ ಹೆಸರು ಹಿಡ್ಕೊಂಡ ಹಾಗಾಗ್ತಿತ್ತು."

"ನಾನು ನಿಮ್ಮ ಕೆಲಸವನ್ನೇ ಕಿತ್ಕೊಳ್ತಿದ್ದೆ!"

"ಕೆಲಸ ಇನ್ನೊಂದು ಸಿಗ್ತಿತ್ತು..."

"ಮಾತು ಪೂರ್ತಿ ಮಾಡಿ."

"ನಿಮ್ಮಂಥವರು ಇನ್ನೊಬ್ಬರು ಸಿಗ್ತಿರಲಿಲ್ಲ."

ಅವಳು ಅಳುತ್ತಲೇ ಅವನ ಅಂಗಿಯ ತೋಳು ಹಿಡಿದಳು. "ನಾನು ನಿಮ್ಮನ್ನ ಪ್ರೀತಿಸ್ತೀನಿ. ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ... ಭಾನುವಾರ ಮನೆಗೆ ಊಟಕ್ಕೆ ಬರ್ತೀರಾ?"

"ನಿಮ್ಮ ಅಕ್ಕ ಕರೆದಿದ್ದಾರಾ?"

"ಇಲ್ಲ. ನಾನೇ ಕರೀತಿದ್ದೀನಿ. ಅಕ್ಕನಿಗೆ ಇನ್ನೂ ಹೇಳೇ ಇಲ್ಲ!"