ಅಂಚು ಕತ್ತರಿಸಿದ ಪುಸ್ತಕ

"ಅಯ್ಯೋ ದೇವರೇ... ಕತ್ತರಿಸಿದ್ರಾ?!"

ಅಂಗಡಿಯ ಹೊಸ್ತಿಲಲ್ಲೇ ನಿಂತು ಆ ಯುವಕ ಕಿರುಚಿದ ರೀತಿಗೆ ಡುಲ್ಸಿನ್‌ಳ ಕೈಯಲ್ಲಿದ್ದ ಅಂಟಿನ ಬ್ರಷ್ ಜಾರಿ ನೆಲಕ್ಕೆ ಬಿತ್ತು.

ಶಾಭಾಸ್‌ಗಿರಿ ಸಿಗುತ್ತದೆಂದು ಕಾದಿದ್ದಳು ಪಾಪ! ಜೆಪ್ಪುವಿನಲ್ಲಿ ಅಪ್ಪ ಬೊನಿಫಾಸರ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಚಿಕ್ಕಂದಿನಿಂದ ಅವರ ಮಗ್ಗುಲಲ್ಲೇ ಕೂತು ಕೆಲಸ ಕಲಿತವಳು ಅವಳು. ಹರಿದ ಪ್ರಾರ್ಥನೆ ಪುಸ್ತಕ ಬಂದರೆ ತುಕ್ಕು ಹಿಡಿದ ಪಿನ್ನು ಕಿತ್ತು, ದಾರದಲ್ಲಿ ಹೊಲಿದು, ಕೊನೆಗೆ ಮೂರೂ ಬದಿಯ ಅಂಚನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ನುಣ್ಣಗೆ ಕತ್ತರಿಸುವುದು ಆ ಅಂಗಡಿಯ ಪದ್ಧತಿ. ಅಂಚು ಕತ್ತರಿಸದ ಪುಸ್ತಕವೆಂದರೆ ತಲೆ ಬಾಚದೆ ಇಗರ್ಜಿಯ ಪ್ರಾರ್ಥನೆಗೆ ಹೋದ ಹಾಗೆ ಎಂದು ಅಪ್ಪ ಹೇಳುತ್ತಿದ್ದರು.

ಈ ಯುವಕ ಹಿಂದಿನ ವಾರ ಅಪ್ಪನ ಕೈಗೆ ಒಂದು ಚಿತ್ರಕಥೆಯ ಪುಸ್ತಕ ಕೊಟ್ಟು ಹೋಗಿದ್ದ. ಹೊರದೇಶದ ಕಾಮಿಕ್ಸ್. ನಕ್ಷತ್ರಗಳ ನಡುವೆ ದೋಣಿ ನಡೆಸುವ ಒಬ್ಬ ನಾವಿಕನ ಕಥೆ. ಹಾಳೆ ಸಡಿಲಾಗಿದೆ, ಸರಿ ಮಾಡಿ ಅಂದಿದ್ದ. ಡುಲ್ಸಿನ್ ಸರಿ ಮಾಡಿದ್ದಳು, ಜಪದ ಪುಸ್ತಕಕ್ಕೆ ಮಾಡುವ ಹಾಗೆಯೇ!

"ಎಂತ ಆಯ್ತು ಈಗ? ಚೆಂದ ಮಾಡಿ ಕೊಟ್ಟದ್ದೇ ತಪ್ಪಾ?" ಅಂದಳು, ಸೋಲಬಾರದೆಂದು ಸೊಂಟಕ್ಕೆ ಕೈಯಿಟ್ಟು.

"ಚೆಂದವಾ? ಕಾಮಿಕ್ಸಿನ ಅಂಚು ಹೋದ್ರೆ ಬೆಲೆಯೇ ಹೋಯ್ತು ಮಾರಾಯ್ರೆ! ಇದನ್ನು ಕೂಡಿಸಿಡುವವರು ಮೊದಲು ನೋಡುದೇ ಅಂಚು. ಆಮೇಲೆ ಪಿನ್ನು. ನೀವು ಎರಡನ್ನೂ..." ಅಷ್ಟರಲ್ಲಿ ಅವನ ದನಿ ಕುಸಿಯಿತು. "ಹೋಗ್ಲಿ. ಬೆಲೆ ಹಾಳಾಗ್ಲಿ. ಇಲ್ಲಿ ನೋಡಿ."

ಕೊನೆಯ ಹಾಳೆಯ ಅಡಿಯಲ್ಲಿ ಪೆನ್ಸಿಲಿನ ಬರಹವೊಂದು ಅರ್ಧಕ್ಕೇ ತುಂಡಾಗಿತ್ತು. ಅಕ್ಷರಗಳ ತಲೆ ಮಾತ್ರ ಉಳಿದಿತ್ತು.

"ನನ್ನ ಅಣ್ಣನ ಹೆಸರು. ಜೊಕಿಂ. ಹಡಗಿನಲ್ಲಿ ಕೆಲಸಕ್ಕಿದ್ದ. ಇದನ್ನು ನನಗೆ ತಂದುಕೊಟ್ಟು, ಹೆಸರು ಬರೆದು, ಮತ್ತೆ ಹೋದವ... ತಿರುಗಿ ಬರ್ಲಿಲ್ಲ."

ಡುಲ್ಸಿನ್ ಆ ತುಂಡಾದ ಅಕ್ಷರಗಳ ಮೇಲೆ ಬಗ್ಗಿದಳು.

"ನನಗೆ ಗೊತ್ತಿರ್ಲಿಲ್ಲ..."

"ಇದು ನಿಮ್ಮ ಹತ್ತಿರವೇ ಇರ್ಲಿ. ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟೇಹೋದ. ಬೈದಿದ್ದರೂ ಆಗುತ್ತಿತ್ತು. ಆ ಒದ್ದೆ ಕಣ್ಣು ಅವಳನ್ನು ಕೂರಲು ಬಿಡಲಿಲ್ಲ.

'ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು' ಅನ್ನುತ್ತಾರೆ. ನಾನು ಸಿಟ್ಟಿನಲ್ಲಿ ಕೊಯ್ದವಳಲ್ಲ, ಪ್ರೀತಿಯಿಂದ ಕೊಯ್ದವಳು... ಹಾಗಾದರೆ ಬರಬಹುದೇ?

ತಟ್ಟನೆ ನೆನಪಾಯಿತು. ಕತ್ತರಿಸಿದ ಚೂರುಗಳೆಲ್ಲ ಗೋಣಿಚೀಲ ಸೇರುತ್ತವೆ. ಆ ಗೋಣಿ ಬಚ್ಚಲಿನ ಹಂಡೆಯ ಒಲೆಗೆ! ಡುಲ್ಸಿನ್ ಹಿತ್ತಲಿಗೆ ಓಡಿದಾಗ ಅಮ್ಮ ಎಸ್ತೆರ್ ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡಾಗಿತ್ತು.

"ಅಮ್ಮಾ, ನಿಲ್ಲಿ! ಬೆಂಕಿ ಹಾಕ್ಬೇಡಿ!"

"ನಿನಗೆಂತ ಹುಚ್ಚಾ ಬಾಯೆ? ಸ್ನಾನಕ್ಕೆ ನೀರು ಬೇಡ್ವಾ?"

ಅವತ್ತು ಆ ಮನೆಯಲ್ಲಿ ಎಲ್ಲರಿಗೂ ತಣ್ಣೀರೇ. ಮಗಳು ಗೋಣಿ ಸುರಿದುಕೊಂಡು ಬಿಳಿ ಚೂರುಗಳ ರಾಶಿಯಲ್ಲಿ ಬಣ್ಣದ ಚೂರುಗಳನ್ನು ಹೆಕ್ಕುತ್ತ ಕೂತಿದ್ದಳು. ಒಂದು ಸಣ್ಣ ಪಟ್ಟಿಯ ಮೇಲೆ ಪೆನ್ಸಿಲಿನ ಅಕ್ಷರಗಳ ಕೆಳಗಿನ ಅರ್ಧ ಸಿಕ್ಕಿದಾಗ ಅವಳು ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

ಮುಂದಿನ ಶನಿವಾರ ಆ ಯುವಕ ತಾನಾಗಿಯೇ ಮತ್ತೆ ಬಂದ. ಈ ಸಲ ತಲೆ ತಗ್ಗಿತ್ತು.

"ಅವತ್ತು ಜೋರು ಮಾಡಿದೆ. ಬೇಸರ ಮಾಡ್ಬೇಡಿ. ನನ್ನ ಹೆಸರು ಇಸಿದೋರ್. ಬಂದರಿನಲ್ಲಿ ನನ್ನದೊಂದು ಸಣ್ಣ ಕಾಮಿಕ್ಸಿನ ಅಂಗಡಿ ಉಂಟು. ಇವು ಸ್ವಲ್ಪ ಹರಿದಿವೆ..."

"ಕೊಡಿ. ಅಂಚು ಮುಟ್ಟುದಿಲ್ಲ."

ಅವನು ನಕ್ಕ. ಆ ನಗು ಡುಲ್ಸಿನ್‌ಳ ಎದೆಯೊಳಗೆ ಎಲ್ಲಿಗೋ ಹೋಗಿ ಕೂತುಬಿಟ್ಟಿತು!

ಅಂದಿನಿಂದ ಶನಿವಾರ ಬಂತೆಂದರೆ ಅವಳಿಗೆ ಜಡೆ ಹೆಣೆಯುವುದೇ ಒಂದು ದೊಡ್ಡ ಕೆಲಸ. ಇಸಿದೋರ್ ಬರುತ್ತಿದ್ದ. ಹಡಗಿನವರಿಂದ ಕಾಮಿಕ್ಸ್ ಕೊಂಡು ಹೇಗೆ ವಿಂಗಡಿಸುತ್ತೇನೆಂದು ಹೇಳಿಕೊಡುತ್ತಿದ್ದ. ಮಡಿಕೆ ಕಾಣದ್ದು, ಬಣ್ಣ ಮಾಸದ್ದು ಫಸ್ಟ್ ಕ್ಲಾಸ್. ಓದಿ ಸ್ವಲ್ಪ ಬಳಲಿದ್ದು ಸೆಕೆಂಡ್. ಹರಿದದ್ದು, ಬರೆದದ್ದು, ಅಂಟಿಸಿದ್ದು ಮೂರನೇ ಕ್ಲಾಸ್.

"ಎಷ್ಟು ಚೆಂದ ಅಂಟಿಸಿದ್ರೂ?" ಎಂದು ಕೇಳಿದ್ದಳು ಅವಳು.

"ಎಷ್ಟು ಚೆಂದ ಅಂಟಿಸಿದ್ರೂ. ಅಂಟಿಸಿದ್ದು ಅಂತ ಕೊಳ್ಳುವವರಿಗೆ ಹೇಳ್ಬೇಕು. ಅದು ಈ ವ್ಯಾಪಾರದ ನಿಯತ್ತು."

"ನಮ್ಮ ಕೆಲಸದಲ್ಲಿ ಹಾಗಿಲ್ಲ. ರಿಪೇರಿ ಕಂಡ್ರೆ ಅದು ರಿಪೇರಿಯೇ ಅಲ್ಲ ಅಂತಾರೆ ಪಪ್ಪ."

ಇಬ್ಬರೂ ನಕ್ಕಿದ್ದರು. ಅದೇ ಮಾತು ಮುಂದೆ ಇಬ್ಬರನ್ನೂ ಅಳಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಅವನು ಹೋದ ಮೇಲೆ ಡುಲ್ಸಿನ್ ಆ ನಾವಿಕನ ಪುಸ್ತಕ ತೆಗೆಯುತ್ತಿದ್ದಳು. ತಾನೇ ಹಾಕಿದ ಹೊಲಿಗೆ ಬಿಚ್ಚಿದಳು. ಒಂದೊಂದು ಹಾಳೆಗೂ ಅದರದೇ ಅಂಚಿನ ಚೂರು ಹುಡುಕಿ, ಮೈದಾ ಅಂಟಿಗೆ ಹುಳ ಬಾರದ ಹಾಗೆ ಮೈಲುತುತ್ತು ಬೆರೆಸಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ ಹಚ್ಚಿ ಕೂಡಿಸಿದಳು. ಹಳೆಯ ತೂತುಗಳಲ್ಲೇ ಪಿನ್ನು ಕೂರಿಸಿದಳು. ತಪಸ್ಸುಕಾಲ ಮುಗಿದು ಈಸ್ಟರ್ ಕಳೆಯಿತು, ಸೆಕೆ ಏರಿತು, ಅವಳ ಕೆಲಸ ಮಾತ್ರ ಮುಗಿಯಲಿಲ್ಲ. ಅವನಿಗೆ ಒಂದು ಮಾತೂ ಹೇಳಲಿಲ್ಲ. ಪುಸ್ತಕ ಕೈಗಿಟ್ಟ ದಿನ ಅವನ ಮುಖ ಹೇಗಿರುತ್ತದೆ? ಅದೊಂದನ್ನೇ ಊಹಿಸಿಕೊಂಡು ಬದುಕುತ್ತಿದ್ದಳು ಹುಡುಗಿ!

ಮೇ ಕೊನೆ. ಮಳೆಗಾಲಕ್ಕೆ ಹಡಗುಗಳು ನಿಲ್ಲುವ ಮೊದಲು, ಪಕ್ಕದ ಮನೆಯ ಗೆಳತಿ ನೆಲ್ಲಿಯನ್ನು ಕರೆದುಕೊಂಡು ಡುಲ್ಸಿನ್ ಬಂದರಿಗೆ ಹೋದಳು. ಒಣಮೀನಿನ ಗೋದಾಮುಗಳ ಸಾಲಿನಲ್ಲಿ ಇಸಿದೋರ್‌ನ ಪುಟ್ಟ ಅಂಗಡಿ.

"ನೀವಾ! ಇಲ್ಲಿಗೆ?" ಅವನು ಗಡಬಡಿಸಿ ಎದ್ದ.

ಅವಳು ಪುಸ್ತಕ ಕೊಟ್ಟಳು. ಅವನು ತೆರೆದ. ಹಾಳೆ ಮಗುಚುತ್ತ ಹೋದ. ಕೊನೆಯ ಹಾಳೆಯಲ್ಲಿ ಅಣ್ಣನ ಹೆಸರು... ಇಡಿಯಾಗಿ!

ಅವನು ಆ ಹೆಸರಿನ ಮೇಲೆ ಬೆರಳಾಡಿಸಿದ. "ಡುಲ್ಸಿನ್... ಇದು ಹೇಗೆ..."

ಅಷ್ಟರಲ್ಲಿ ಹಿಂದಿನಿಂದ ಒಂದು ದಪ್ಪ ಕೈ ಬಂದು ಪುಸ್ತಕ ತೆಗೆದುಕೊಂಡಿತು. ಗೋದಾಮಿನ ಧಣಿ ಸೈಮನ್. ಮನೆಯ ಗಾಜಿನ ಕಪಾಟಿನ ತುಂಬ ಕಾಮಿಕ್ಸ್ ಜೋಡಿಸಿಟ್ಟ ಶೋಕಿಲಾಲ.

"ಅರೆ ವಾ! ಇದು ಎಲ್ಲಿತ್ತು ಇಷ್ಟು ದಿನ? ಬಣ್ಣ ನೋಡು, ಅಂಚು ನೋಡು! ಎಂತ ಇಸಿದೋರ್, ಫಸ್ಟಾ, ಸೆಕೆಂಡಾ?"

ಡುಲ್ಸಿನ್ ಹೆಮ್ಮೆಯಿಂದ ನೆಲ್ಲಿಯನ್ನು ನೋಡಿದಳು. ಅವಳ ಕೆಲಸ ಅಷ್ಟು ಚೆನ್ನಾಗಿತ್ತು!

ಇಸಿದೋರ್‌ನ ಮುಖ ಬಿಳಿಚಿಕೊಂಡಿತು. "ಅದು... ಮೂರನೇ ಕ್ಲಾಸ್ ಧಣಿ. ಕತ್ತರಿಸಿ ಅಂಟಿಸಿದ ಮಾಲು. ಎಂತದಕ್ಕೂ ಬಾರದ್ದು."

"ಥೂ! ಕಣ್ಣಿಗೆ ಮಣ್ಣು ಹಾಕಿತಲ್ಲ!" ಧಣಿ ಪುಸ್ತಕವನ್ನು ಬಿಸುಟರು. ಇಸಿದೋರ್ ಅದನ್ನೆತ್ತಿ ಮೂರನೇ ಕ್ಲಾಸಿನ ಕಪಾಟಿನ ರಾಶಿಯ ಮೇಲೆ ಎಸೆದ.

ಎಸೆದ! ಅವಳ ಕಣ್ಣೆದುರೇ!

ಎಂತದಕ್ಕೂ ಬಾರದ್ದು... ನನ್ನ ಒಂದೊಂದು ಸಂಜೆ, ನನ್ನ ಬೆರಳು, ನನ್ನ ಮನಸ್ಸು... ಎಂತದಕ್ಕೂ ಬಾರದ್ದು!

"ಬಾ ನೆಲ್ಲಿ," ಅಂದು ಅವಳು ತಿರುಗಿ ನೋಡದೆ ನಡೆದಳು. "ಡುಲ್ಸಿನ್, ಸ್ವಲ್ಪ ನಿಲ್ಲಿ!" ಎಂಬ ಕೂಗು ಹಿಂದೆ ಕೇಳಿತು. ಹಡಗಿನಿಂದ ಬಂದ ಹೊಸ ಕಟ್ಟು ಬಿಚ್ಚೆಂದು ಧಣಿ ಅವನನ್ನು ತಡೆದ ದನಿಯೂ ಕೇಳಿತು. ಅವಳು ನಿಲ್ಲಲಿಲ್ಲ.

ಶನಿವಾರ ಇಸಿದೋರ್ ಜೆಪ್ಪುವಿಗೆ ಓಡೋಡಿ ಬಂದ. ಡುಲ್ಸಿನ್ ಒಳಬಾಗಿಲ ಹಿಂದೆ ನಿಂತಳೇ ಹೊರತು ಹೊರಗೆ ಬರಲಿಲ್ಲ.

"ಅವಳಿಗೆ ತಲೆನೋವಂತೆ," ಅಂದರು ಬೊನಿಫಾಸ್. ಸುಮ್ಮನಿರಬಾರದಿತ್ತೇ? "ಬಾಂಬೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ರೈಲ್ವೆಯಲ್ಲಿದ್ದಾನೆ. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತಿನ ಹಬ್ಬದೂಟಕ್ಕೆ ಅವನ ಅತ್ತೆ ಬರ್ತಾಳೆ. ಅವತ್ತು ನಾವು ಹೌದೋ ಅಲ್ವೋ ಅಂತ ಮಾತು ಕೊಡ್ಬೇಕು."

ಹೊರಗೆ ಚಪ್ಪಲಿ ಮೆಟ್ಟುವ ಸದ್ದು ಕೇಳಿತು.

"ಒಳ್ಳೇದಾಯ್ತು," ಅಂದ ಇಸಿದೋರ್. ಅವನ ಚಪ್ಪಲಿಯ ಸದ್ದು ದೂರವಾಯಿತು.

ಒಳ್ಳೇದಾಯ್ತಂತೆ! ಬಾಗಿಲಿಗೆ ಹಣೆಯೊತ್ತಿ ಅವಳು ತುಟಿ ಕಚ್ಚಿಕೊಂಡಳು. ಅಳು ಮಾತ್ರ ಅವಳ ಮಾತು ಕೇಳಬೇಕಲ್ಲ!

ಮಳೆ ಹಿಡಿಯಿತು. ಶನಿವಾರಗಳು ಬಂದವು, ಹೋದವು, ಅವನು ಬರಲಿಲ್ಲ. ಯಾರ ಚಪ್ಪಲಿ ಸದ್ದಾದರೂ ಅವಳ ಕೈ ನಿಲ್ಲುತ್ತಿತ್ತು. ಮಾರುವವನೋ, ಇಗರ್ಜಿ ವಾರ್ಡಿನ ಮುಖಂಡ ಗುರ್ಕಾರನೋ ಒಳಗೆ ಬಂದರೆ ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನ ಮೇಲೆ ಸಿಟ್ಟಿತ್ತು ನಿಜ. ಆದರೆ ಸಿಟ್ಟು ಬಂದಷ್ಟೂ ಅವನ ನಗುವೇ ನೆನಪಾಗುತ್ತಿದ್ದರೆ ಏನು ಮಾಡುವುದು ಹೇಳಿ! ಊಟ ರುಚಿಸಲಿಲ್ಲ. ಜಡೆ ಹೇಗಿದ್ದರೂ ನಡೆಯಿತು.

"ಬಾಂಬೆಗೆ ಎಂತ ಹೇಳುದು ಬಾಯೆ?" ಎಂದು ಅಮ್ಮ ಕೇಳಿದಾಗಲೆಲ್ಲ "ನಿಮ್ಮಿಷ್ಟ" ಅನ್ನುತ್ತಿದ್ದಳು. ಒಳಗೊಂದು ದನಿ ಬೇಡ, ಬೇಡ ಎಂದು ಬಡಿದುಕೊಳ್ಳುತ್ತಿತ್ತು. ಬೇಡ ಅನ್ನುವುದಾದರೂ ಯಾರಿಗಾಗಿ?

ಆಗಸ್ಟ್ ಕೊನೆಯಲ್ಲಿ ಹೊಳೆ ಉಕ್ಕಿತು. ಬಂದರಿನ ಗೋದಾಮುಗಳಿಗೆ ನೀರು ನುಗ್ಗಿದ ಸುದ್ದಿ ಊರೆಲ್ಲ ಹರಡಿತು. ನೀರು ಇಳಿದ ಬೆಳಿಗ್ಗೆ ನೆಲ್ಲಿ ಏದುಸಿರು ಬಿಡುತ್ತ ಬಂದಳು.

"ಕೇಳಿದ್ಯಾ? ಆ ಇಸಿದೋರ್‌ಗೆ ಮಂಡೆ ಸಮ ಇಲ್ಲ ಮಾರಾಯ್ತಿ! ನಮ್ಮ ಮಾಮ ಅಲ್ಲೇ ಇದ್ರಂತೆ. ನೀರು ಏರುವಾಗ ಫಸ್ಟ್ ಕ್ಲಾಸಿನ ಪೆಟ್ಟಿಗೆ ಎತ್ತು ಅಂತ ಎಲ್ಲರೂ ಬೊಬ್ಬೆ ಹಾಕಿದ್ದಾರೆ. ಇವ ಸೊಂಟದ ನೀರಿನಲ್ಲಿ ಹೋಗಿ ಮೂರನೇ ಕ್ಲಾಸಿನ ಕಪಾಟಿಗೆ ಕೈ ಹಾಕಿದನಂತೆ. ಒಂದೇ ಒಂದು ಪುಸ್ತಕ ತಲೆ ಮೇಲೆ ಹಿಡ್ಕೊಂಡು ಬಂದ. ಬಾಕಿ ಎಲ್ಲ ನೀರಿಗೆ ಹೋಯ್ತು!"

ಡುಲ್ಸಿನ್ ಸೂಜಿ ಕೆಳಗಿಟ್ಟಳು. "ಯಾವ ಪುಸ್ತಕ?"

"ಯಾರಿಗೆ ಗೊತ್ತು? ಎಂತದೋ ನಕ್ಷತ್ರ, ದೋಣಿ ಅಂತೆ..."

ನೆಲ್ಲಿಯ ಮಾತು ಮುಗಿಯುವಷ್ಟರಲ್ಲಿ ಡುಲ್ಸಿನ್ ನೀರು ಹೀರುವ ಒತ್ತುಕಾಗದದ ಕಟ್ಟನ್ನು ಕಂಕುಳಿಗೆ ಸೇರಿಸಿ ಕೊಡೆ ಹಿಡಿದು ರಸ್ತೆಗೆ ಇಳಿದಾಗಿತ್ತು.

ಗೋದಾಮಿನ ಜಗಲಿಯ ಉದ್ದಕ್ಕೂ ಹಗ್ಗ ಕಟ್ಟಿ ಬಣ್ಣದ ಹಾಳೆಗಳನ್ನು ಒಣಹಾಕಲಾಗಿತ್ತು. ಅದರ ಕೆಳಗೆ ಕೂತು ಇಸಿದೋರ್ ಅಂಟಿಕೊಂಡ ಹಾಳೆಗಳನ್ನು ಬಿಡಿಸುತ್ತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು. ಅವಳನ್ನು ಕಂಡು ಎದ್ದುನಿಂತ.

"ಹಾಗೆ ಎಳೀಬೇಡಿ, ಬಣ್ಣ ಕಿತ್ತುಬರ್ತದೆ," ಅಂದಳು ಡುಲ್ಸಿನ್. ಅವನ ಎದುರು ಕುಕ್ಕರಗಾಲಲ್ಲಿ ಕೂತು ಹಾಳೆ ಹಾಳೆಯ ನಡುವೆ ಒತ್ತುಕಾಗದ ಇಡತೊಡಗಿದಳು. ಗೋಡೆಯ ಮೊಳೆಗೆ ನೇತುಹಾಕಿದ ಚೀಲದಲ್ಲಿ, ಒಂದು ಹನಿಯೂ ತಾಗದ ಹಾಗೆ, ಆ ನಾವಿಕನ ಪುಸ್ತಕವಿತ್ತು.

"ಎಂತದಕ್ಕೂ ಬಾರದ ಪುಸ್ತಕಕ್ಕೆ ಪ್ರಾಣ ಕೊಡ್ಲಿಕ್ಕೆ ಹೊರಟದ್ದು ಯಾಕೆ?"

ಇಸಿದೋರ್ ತಲೆ ತಗ್ಗಿಸಿದ.

"ಈ ಅಂಗಡಿಯ ಕಟ್ಟಡ ಧಣಿಯದ್ದು. ಬಾಡಿಗೆ ಕಡಿಮೆ, ಆದ್ರೆ ಒಂದು ಕರಾರು ಉಂಟು. ಇಲ್ಲಿಗೆ ಬಂದ ಫಸ್ಟ್, ಸೆಕೆಂಡ್ ಯಾವುದೇ ಇರ್ಲಿ, ಮೊದಲ ಆಯ್ಕೆ ಅವರದ್ದು. ಕೊಡುದಿಲ್ಲ ಅಂತ ಹೇಳುವ ಹಾಗಿಲ್ಲ. ಅವರು ಮುಟ್ಟದ್ದು ಮೂರನೇ ಕ್ಲಾಸ್ ಮಾತ್ರ."

ಡುಲ್ಸಿನ್‌ಳ ಕೈ ನಿಂತಿತು.

"ನೀವು ಅದನ್ನು ಎಷ್ಟು ಚೆಂದ ಮಾಡಿದ್ರಿ ಅಂದ್ರೆ, ಅವರ ಕಣ್ಣಿಗೇ ಗೊತ್ತಾಗ್ಲಿಲ್ಲ! ನಾನು ಬಾಯಿ ಮುಚ್ಚಿದ್ರೆ ಅವರ ಕಪಾಟಿಗೆ ಹೋಗ್ತಿತ್ತು. ಅಣ್ಣನ ಹೆಸರು, ನಿಮ್ಮ ಕೈಕೆಲಸ... ಎರಡೂ ಒಟ್ಟಿಗೆ. ನನಗೆ ಬೇರೆ ದಾರಿ ಹೊಳೀಲಿಲ್ಲ."

"ಎಸೆದದ್ದು?"

"ಮೆಲ್ಲ ಇಟ್ಟಿದ್ರೆ ಅವರಿಗೆ ಸಂಶಯ ಬರ್ತಿತ್ತು."

ದೇವರೇ! ಬಚ್ಚಿಟ್ಟುಕೊಳ್ಳಲು ಎಸೆದದ್ದನ್ನು ಬೇಡವೆಂದು ಎಸೆದದ್ದು ಅಂದುಕೊಂಡು ಇಡೀ ಮಳೆಗಾಲ ಅತ್ತಳಲ್ಲ!

"ಒಂದು ಮಾತು ಹೇಳ್ಬಹುದಿತ್ತು ನೀವು..." ಅಂದಳು ಅವಳು.

"ಅದನ್ನೇ ಹೇಳ್ಲಿಕ್ಕೆ ಬಂದೆ. ನಿಮ್ಮ ಪಪ್ಪ ಬಾಂಬೆ ಹುಡುಗನ ವಿಷಯ ಹೇಳಿದ್ರು. ನನ್ನ ಹತ್ತಿರ ಎಂತ ಉಂಟು ಡುಲ್ಸಿನ್? ಆಗ ಹಳೇ ಕಾಗದ ಇತ್ತು. ಈಗ ಅದೂ ಒದ್ದೆ."

"ನನ್ನನ್ನು ಕೇಳಿದ್ರಾ?"

"ಇಲ್ಲ..."

"ಕೇಳಿ ಮತ್ತೆ!"

ಇಸಿದೋರ್ ಅವಳನ್ನೇ ನೋಡಿದ. ಎಷ್ಟು ಶನಿವಾರಗಳ ಮಾತು ಆ ಕಣ್ಣಲ್ಲಿತ್ತೋ!

"ಬಾಂಬೆಗೆ ಹೋಗ್ಬೇಡಿ. ನೀವು ಇಲ್ಲದೆ ನನಗೆ ಆಗುದಿಲ್ಲ. ನೀವಂದ್ರೆ ನನಗೆ ಪ್ರಾಣ."

ಇಷ್ಟು ದಿನ ಅವನಿಂದ ಬಚ್ಚಿಟ್ಟ ಕಣ್ಣೀರು ಆಗ ಇಳಿಯಿತು. ಹಾಳೆಯ ಮೇಲೆ ಬೀಳದಿರಲೆಂದು ಅವಳು ಮುಖ ಆಚೆ ತಿರುಗಿಸಿದಳು. ಅವನು ಕೈ ಚಾಚಿದ. ಒದ್ದೆ ಬಣ್ಣ ಮೆತ್ತಿದ ಆ ಬೆರಳುಗಳನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಮೂಗೊರೆಸಿಕೊಂಡು ಕೇಳಿದಳು:

"ಬಾಂಬೆಯ ಅತ್ತೆ ಬಂದು, ಬೊನಿಫಾಸರ ಮಗಳು ಹೇಗೆ ಅಂತ ನಿಮ್ಮ ಹತ್ತಿರ ವಿಚಾರಿಸಿದ್ರೆ ಎಂತ ಹೇಳ್ತೀರಿ?"

"ಮೂರನೇ ಕ್ಲಾಸ್," ಅಂದ ಇಸಿದೋರ್, ಅವಳ ಕೈ ಬಿಡದೆ. "ಎಂತದಕ್ಕೂ ಬಾರದ್ದು ಅಂತ ಹೇಳ್ತೇನೆ."

ಅಳುತ್ತಲೇ ನಗು ಉಕ್ಕಿ ಬಂತು ಅವಳಿಗೆ.

"ಗಟ್ಟಿಯಾಗಿ ಹೇಳಿ," ಅಂದಳು. "ಪಪ್ಪನಿಗೆ ನಿಜ ನಾನು ಹೇಳ್ತೇನೆ."