ದೇಶ ಬಿಟ್ಟ ಸ್ಯಾಂಡಿಯ ಕುಡಿ

"ನಾನು ದೇಶ ಬಿಟ್ಟ ಸ್ಯಾಂಡಿ ಫ್ಲೆಟ್‌ನ ವಂಶದವನು!"

ಬಂದರಿನ ಕಟ್ಟೆಯ ಮೇಲೆ ನಿಂತು ಆ ಯುವಕ ನಗುನಗುತ್ತ ಹೇಳಿದ್ದೇ ತಡ, ಸ್ಕಾಟ್ಲೆಂಡಿನ ಆ ಮೀನುಗಾರರ ಊರು ಪೋರ್ಟ್‌ಗಾರ್ವಿಯ ಉಸಿರೇ ನಿಂತುಹೋಯಿತು.

ಬಲೆ ಹೊಲಿಯುತ್ತಿದ್ದ ಮುದುಕ ವುಲ್ಲಿ ಚಾಕುವಿನ ಅಲಗನ್ನೇ ಹಿಡಿದುಕೊಂಡ. ಮೀನಂಗಡಿಯಾಕೆ ಬಾಗಿಲ ಚಿಲಕಕ್ಕೆ ಜೋತುಬಿದ್ದಳು. ದೋಣಿ ಕಟ್ಟುವ ಕಬ್ಬಿಣದ ಗೂಟಕ್ಕಾಗಿ ಮೂವರು ಗಂಡಸರು ತಳ್ಳಾಡಿದರು. ಹಾರುತ್ತಿದ್ದ ಕಡಲಹಕ್ಕಿಗಳು ಕೂಡ ಸರಪಳಿಯ ಮೇಲೆ ಬಂದು ಕೂತವು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಆದರೆ ಕೂತದ್ದು ಮಾತ್ರ ನಿಜ!

ಆ ಊರಿನ ಪದ್ಧತಿಯೇ ಹಾಗೆ. ಕೆಟ್ಟವನ ಹೆಸರು ಕಿವಿಗೆ ಬಿದ್ದರೆ ತಣ್ಣನೆಯ ಕಬ್ಬಿಣ ಮುಟ್ಟಬೇಕು. ಮುಟ್ಟದಿದ್ದರೆ ಕಡಲು ಬಂದು ತನ್ನ ಪಾಲು ಕೇಳುತ್ತದೆ.

ಗುಂಪಿನ ಹಿಂದೆ ನಿಂತಿದ್ದ ಎಫಿಯ ಕೈ ಕೋಟಿನ ಜೇಬಿನೊಳಗೇ ಮರಗಟ್ಟಿತು.

'ಅಯ್ಯೋ ಅಲೆಕ್... ಮೊದಲು ನನ್ನ ಹತ್ತಿರ ಬರಬಾರದಿತ್ತಾ?'

ಎರಡು ಚಳಿಗಾಲ ಅವಳು ಕಾದದ್ದು ಈ ಗಳಿಗೆಗಾಗಿಯೇ. ಊರಿನ ಹಳೇ ಶಾಲೆಯ ಕೋಣೆಯಲ್ಲಿ ಕೂತು, ಕಡಲಾಚೆಯಿಂದ 'ನಮ್ಮ ಮುತ್ತಜ್ಜ ಯಾರು?' ಎಂದು ಕೇಳುವವರಿಗೆಲ್ಲ ಅವರ ಬೇರು ಹುಡುಕಿಕೊಡುವುದು ಅವಳ ಕೆಲಸ. ಹಾಗೆ ಕೇಳಿಕೊಂಡು ಬಂದವನೇ ಅಲೆಕ್. ನ್ಯೂಜಿಲೆಂಡಿನ ತುತ್ತತುದಿಯ ಬ್ಲಫ್ ಊರಿನವನು, ಸಿಂಪಿ ಹಿಡಿಯುವ ದೋಣಿಯವನು. ಕೇಳಿದ್ದು ಮುತ್ತಜ್ಜನನ್ನು, ಕದ್ದದ್ದು ಅವಳ ನಿದ್ದೆಯನ್ನು! ಇವಳಿಗೆ ಬೆಳಗಾದರೆ ಅವನಿಗೆ ರಾತ್ರಿ. ಆದರೂ ಫೋನಿನ ಪರದೆಯಲ್ಲಿ ಅವರಿಬ್ಬರು ಆಡಿದ ಮಾತನ್ನು ನೂಲು ಮಾಡಿದ್ದರೆ ಸ್ಕಾಟ್ಲೆಂಡಿನ ಅಷ್ಟೂ ಜನರಿಗೆ ಸ್ವೆಟರ್ ಹೆಣೆಯಬಹುದಿತ್ತು.

ಎಲ್ಲ ಹೇಳಿದ್ದಳು. ಒಂದನ್ನು ಬಿಟ್ಟು.

"ಏನಪ್ಪಾ," ವುಲ್ಲಿ ಚಾಕು ಬಿಡದೆ ಕೇಳಿದ, "ಆ ಪಾಪಿಯ ಹೆಸರು ಹೇಳ್ಕೊಂಡು ಇಲ್ಲಿ ಯಾಕೆ ಬಂದೆ?"

ಅಲೆಕ್‌ನ ನಗು ಬಾಡಿತು. "ಪಾಪಿ...? ಅವನ ನೆನಪಿಗೆ ಚರ್ಚಿನ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸೋಣ ಅಂತ ಬಂದೆ."

"ಕಲ್ಲಾ? ತನ್ನ ದೋಣಿಗೆ ಕಟ್ಟಿ ಎಳೀತಿದ್ದ ಇನ್ನೊಂದು ಮುಳುಗೋ ದೋಣಿಯ ಹಗ್ಗ ಕತ್ತರಿಸಿ ಐದು ಜನರನ್ನ ಕಡಲಿಗೆ ಕೊಟ್ಟವನಿಗೆ ಕಲ್ಲಾ? ಮಾರನೇ ವಾರವೇ ಹಡಗು ಹತ್ತಿ ಓಡಿದ ಅವನು! ನಮ್ಮ ಎಫಿಯನ್ನ ಕೇಳು. ಅವಳಿಗೆ ಗೊತ್ತಿಲ್ಲದ ಕಥೆನಾ ಇದು?"

ಅಲೆಕ್ ತಿರುಗಿ ನೋಡಿದ. ಅವನ ಕಣ್ಣು ಬೂದು ಬಣ್ಣದವೆಂದು ಪರದೆ ಅವಳಿಗೆ ಎಂದೂ ಹೇಳಿರಲಿಲ್ಲ. ಆ ಕಣ್ಣುಗಳಲ್ಲಿ ಏನೋ ಒಡೆಯಿತು.

"ನಿಂಗೆ ಗೊತ್ತಿತ್ತಾ, ಎಫಿ?"

"ಅಲೆಕ್, ನಾನು... ನೀನು ಬಾರದೇ ಹೋಗ್ತೀಯ ಅಂತ ಹೆದರಿದೆ..."

"ಇಡೀ ಊರು ನನ್ನ ಕಂಡು ಕಬ್ಬಿಣ ಹುಡುಕತ್ತೆ ಅಂತ ಗೊತ್ತಿದ್ದೂ ಕರೆಸಿದೆ!"

ಅದೇ ಹೊತ್ತಿಗೆ ಉತ್ತರದ ಆಕಾಶ ಕಪ್ಪಾಯಿತು. ಎಂಥ ಕಪ್ಪು ಅಂತೀರಿ! ಅದರ ಮುಂದೆ ಇದ್ದಿಲೂ ಬೆಳ್ಳಗೆ ಕಾಣಬೇಕು. ಗಾಳಿ ಎದ್ದು ಅಲೆಗಳು ಕಟ್ಟೆಯನ್ನೇ ಒದೆಯತೊಡಗಿದವು. ಎಫಿಯ ಅಣ್ಣ ಡೇವಿಯ ದೋಣಿ ಇನ್ನೂ ಹಿಂತಿರುಗಿರಲಿಲ್ಲ.

ಕಟ್ಟೆಯ ಮೇಲಿದ್ದವರೆಲ್ಲ ಮೊದಲು ಕಡಲನ್ನು ನೋಡಿದರು. ಆಮೇಲೆ ಅಲೆಕ್‌ನನ್ನು ನೋಡಿದರು. ಆ ನೋಟವೇ ಹೆಚ್ಚು ಭಯಾನಕವಾಗಿತ್ತು.

ಅಲೆಕ್ ಚೀಲ ಹೆಗಲಿಗೇರಿಸಿದ. "ಒಂದು ಮಾತು ಕೇಳ್ತೀನಿ. ನಮ್ಮ ಮನೇಲಿ ಪ್ರತಿ ತಲೆಮಾರಿನ ಹಿರಿಮಗನೂ ಸ್ಯಾಂಡಿನೇ. ನಾನೂ ಸ್ಯಾಂಡಿ, ಅಲೆಕ್ ಅನ್ನೋದು ಅಮ್ಮ ಕರೆಯೋ ಹೆಸರು. ಅಷ್ಟು ದೊಡ್ಡ ಪಾಪ ಮಾಡಿದವನ ಹೆಸರನ್ನ ಅವನ ಮಕ್ಕಳೇ ಇಟ್ಕೊಳ್ತಾರಾ?"

ಉತ್ತರಕ್ಕೂ ನಿಲ್ಲದೆ ಅವನು ಬಸ್ ನಿಲ್ದಾಣದ ದಾರಿ ಹಿಡಿದ.

ಎಫಿ ಹಿಂದೆ ಓಡಲು ಹೆಜ್ಜೆ ಎತ್ತಿದವಳು ಅಲ್ಲೇ ನಿಂತಳು. ಅವನ ಮಾತು ಎದೆಯೊಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಅಲ್ಲಿ ಹೆಸರಿಡುವುದಕ್ಕೆ ಕಟ್ಟುಕಟ್ಟಳೆ ಇದೆ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಅದಕ್ಕೇ ಪೋರ್ಟ್‌ಗಾರ್ವಿಯ ಪ್ರತಿ ಫ್ಲೆಟ್ ಮನೆಯಲ್ಲೂ ಒಬ್ಬ ಸ್ಯಾಂಡಿ. ಬಂದರಿನಲ್ಲಿ 'ಸ್ಯಾಂಡಿ!' ಎಂದು ಕೂಗಿದರೆ ಅರ್ಧ ಊರು ತಿರುಗುತ್ತದೆ, ಜೊತೆಗೆ ಎರಡು ನಾಯಿ. ಕಬ್ಬಿಣ ಹುಡುಕುವುದು ಮಾತ್ರ ದೇಶ ಬಿಟ್ಟವನ ಮಾತು ಬಂದಾಗ.

ಪ್ರತಿ ಫ್ಲೆಟ್ ಮನೆಯಲ್ಲೂ...

'ನಮ್ಮ ಫ್ಲೆಟ್ ಮನೆಯೊಂದನ್ನು ಬಿಟ್ಟು!'

ಎಫಿ ಮನೆಯತ್ತ ಓಡಿದಳು.

* * *

ಜೆಸ್ಸಿ ಅಜ್ಜಿ ಕಿಟಕಿಯ ಬಳಿ ಕೂತು ಕಡಲನ್ನೇ ನೋಡುತ್ತಿದ್ದಳು. ಒಂದು ಕೈ ಒಲೆಯ ಕಬ್ಬಿಣದ ಕಂಬಿಯ ಮೇಲೆ ಬಿಗಿದಿತ್ತು. ಸುದ್ದಿ ಎಫಿಗಿಂತ ಮುಂಚೆಯೇ ಮನೆ ತಲುಪಿತ್ತು. ಆ ಊರಿನಲ್ಲಿ ಸುದ್ದಿಗೆ ಎಂಟು ಕಾಲು.

"ಅವನನ್ನ ಕರೆಸಿದ್ದು ನೀನಂತೆ," ಅಜ್ಜಿ ಕಡಲಿನಿಂದ ಕಣ್ಣು ತೆಗೆಯದೆ ಅಂದಳು. "ಅವನ ರಕ್ತ ಈ ನೆಲ ತುಳಿದ್ರೆ ಕಡಲು ಕೇಳತ್ತೆ ಅಂತ ಎಷ್ಟು ಸಲ ಹೇಳಿದ್ದೆ ಕೂಸೇ? ಈಗ ನೋಡು... ನನ್ನ ಡೇವಿ..."

"ಅಜ್ಜಿ, ನಿನ್ನ ಅಣ್ಣನ ಹೆಸರೇನು?"

"ಈಗ್ಯಾಕೆ ಅದು?"

"ಹೇಳಜ್ಜಿ."

"ವಿಲಿಯಂ."

"ಹಿರಿಮಗ. ಅವನಿಗೆ ಬರಬೇಕಾದ್ದು ಅವನ ಅಜ್ಜನ ಹೆಸರು. ನಿನ್ನ ಅಜ್ಜನೂ ವಿಲಿಯಮ್ಮೇನಾ? ಸತ್ಯ ಹೇಳು."

ಊರವರೆಲ್ಲರ ವಂಶದ ಗಂಟು ಬಿಡಿಸಿದ ಎಫಿ ತನ್ನ ಮನೆಯ ಗಂಟನ್ನು ಮಾತ್ರ ಮುಟ್ಟಿರಲಿಲ್ಲ. ಅಜ್ಜಿ ಹೇಳಿದ್ದನ್ನೇ ನಂಬಿದ್ದಳು.

ಕಿಟಕಿಯ ಗಾಜಿಗೆ ಉಪ್ಪುನೀರು ಬಡಿಯಿತು.

"ಹಗ್ಗ ಕತ್ತರಿಸಿದ ದೋಣಿಯಲ್ಲಿ ಇಬ್ಬರು ಸ್ಯಾಂಡಿ ಇದ್ರು, ಅಲ್ವಾ ಅಜ್ಜಿ?" ಎಫಿ ಅಜ್ಜಿಯ ಎದುರು ಮೊಣಕಾಲೂರಿದಳು. "ಒಬ್ಬನೇ ಅಜ್ಜನ ಹೆಸರು ಹೊತ್ತ ಇಬ್ಬರು ದಾಯಾದಿಗಳು. ಒಬ್ಬ ಹೋದ, ಒಬ್ಬ ಉಳಿದ. ಹೋದವನ ಮಕ್ಕಳು ಆ ಹೆಸರು ಉಳಿಸಿಕೊಂಡ್ರು, ಉಳಿದವನ ಮಕ್ಕಳು ಅಳಿಸಿಬಿಟ್ರು. ಹಗ್ಗ ಕತ್ತರಿಸಿದ್ದು... ಉಳಿದವನು."

ಅಜ್ಜಿಯ ಮುಖ ಸುಕ್ಕಿನೊಳಗೇ ಕುಸಿಯಿತು.

"ಹೋದವನ ಟಿಕೆಟ್ ಮೊದಲೇ ಆಗಿತ್ತು," ಪಿಸುಗುಟ್ಟಿದಳು. "ಅವನು ಹಡಗು ಹತ್ತಿದ ಮೇಲೆ ಊರೇ ಅವನ ಮೇಲೆ ಹಾಕ್ತು. ನನ್ನ ಅಜ್ಜ ಇಲ್ಲ ಅನ್ನಲಿಲ್ಲ. ಬಾಯೇ ಬಿಡಲಿಲ್ಲ. ಸಾಯೋವಾಗ ಅಪ್ಪನ ಹತ್ರ ಒಂದೇ ಮಾತು ಕೇಳಿಕೊಂಡನಂತೆ... 'ನನ್ನ ಹೆಸರು ಯಾರಿಗೂ ಇಡಬೇಡ' ಅಂತ."

"ಅಲೆಕ್ ಬಸ್ ಹತ್ತಿ ಹೋಗ್ತಿದ್ದಾನೆ, ಅಜ್ಜಿ. ನಮ್ಮ ಪಾಪ ಹೊತ್ಕೊಂಡು."

"ಡೇವಿ ಕಡಲಲ್ಲಿದ್ದಾನೆ ಕೂಸೇ! ಈಗ ನಾನು ಆ ಹೆಸರು ಹೇಗೆ ಹೇಳ್ಲಿ?"

ಎಫಿಗೆ ಅಜ್ಜಿಯ ಭಯ ಅರ್ಥವಾಯಿತು. ತನ್ನ ಎದೆಯಲ್ಲೂ ಅದೇ ಭಯ ಗುದ್ದುತ್ತಿತ್ತು. ಆದರೂ ಅವಳು ಆ ಮುದಿ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿ, ತನ್ನ ಅಂಗೈಯಲ್ಲಿ ತುಂಬಿಕೊಂಡಳು.

"ನಾನಿದ್ದೀನಲ್ಲ... ನನ್ನ ಜೊತೆ ಹೇಳು."

* * *

ಬಸ್ ಬಂದು ನಿಂತಿತ್ತು. ಅಲೆಕ್ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಸ್ಯಾಂಡಿ ಫ್ಲೆಟ್!"

ಎಂಥ ಕೂಗು ಅದು! ನಾರ್ವೆಯವರೆಗೂ ಕೇಳಿಸಿರಬೇಕು. ಮೊಮ್ಮಗಳ ತೋಳಿಗೆ ಆತುಕೊಂಡು, ಬಿರುಗಾಳಿಗೆ ಎದೆಕೊಟ್ಟು ಜೆಸ್ಸಿ ಅಜ್ಜಿ ಬರುತ್ತಿದ್ದಳು. ಹಿಂದೆ ಅರ್ಧ ಊರು. ವುಲ್ಲಿಯ ಕೈ ಆಗಲೇ ಬಸ್ಸಿನ ಕಂಬಿಯ ಮೇಲಿತ್ತು.

ಅಜ್ಜಿ ಎರಡೂ ಕೈಗಳನ್ನು ಖಾಲಿ ಗಾಳಿಗೆ ಚಾಚಿ ಹಿಡಿದಳು.

"ಹಗ್ಗ ಕತ್ತರಿಸಿದವನು ನನ್ನ ಅಜ್ಜ ಸ್ಯಾಂಡಿ ಫ್ಲೆಟ್," ಎಲ್ಲರಿಗೂ ಕೇಳುವಂತೆ ಹೇಳಿದಳು. "ಈ ಹುಡುಗನ ಹಿರಿಯ ಅಲ್ಲ. ಕಡಲಿಗೆ ಏನಾದ್ರೂ ಕೇಳೋದಿದ್ರೆ ನನ್ನನ್ನ ಕೇಳ್ಲಿ!"

ಎಲ್ಲರ ಕಣ್ಣೂ ಕೆಳಗೆ ಕಾಣುತ್ತಿದ್ದ ಬಂದರಿನ ಬಾಯಿಯ ಮೇಲೆ. ಅಲೆಯ ಮೇಲೆ ಅಲೆ... ಮತ್ತೆ ಅಲೆ... ಬರೀ ಕತ್ತಲು...

ಎಫಿಯ ತಣ್ಣಗಿನ ಬೆರಳುಗಳಿಗೆ ಇನ್ನೊಂದು ಕೈ ತಾಗಿತು. ಪರದೆಯ ಮೇಲೆ ಎಂದೂ ಮುಟ್ಟಲಾಗದ ಕೈ.

"ಡೇವಿ ಬಾರದಿದ್ರೆ ನಾಳೆ ಊರು ನಿನ್ನನ್ನೇ ದೂರತ್ತೆ," ಅವಳು ಬಿಕ್ಕಿದಳು. "ಹೋಗಿಬಿಡು, ಅಲೆಕ್."

"ಒಬ್ಬ ಹೋಗಿದ್ದಕ್ಕೇ ಇಷ್ಟೆಲ್ಲ ಆಯ್ತು. ನಾನು ಹೋಗಲ್ಲ."

ಬಸ್ ಅವನನ್ನು ಬಿಟ್ಟು ಹೊರಟಿತು.

ಎಷ್ಟು ಹೊತ್ತು ಹಾಗೇ ನಿಂತರೋ! ಕೊನೆಗೆ ಅಲೆಗಳ ನಡುವೆ ಒಂದು ಮಿಣುಕು ದೀಪ ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಡೇವಿ ಬಂದ! ಎಂಜಿನ್‌ಗೆ ಅದರ ಏಳು ತಲೆಮಾರೂ ನಾಚುವಂತೆ ಬೈಯುತ್ತಲೇ ಬಂದ.

ಅಜ್ಜಿ ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತಳು. ವುಲ್ಲಿ ಅಲೆಕ್‌ನ ಮುಂದೆ ಬಂದು ಟೋಪಿ ತೆಗೆದ. "ಕಲ್ಲು ನಿಲ್ಲಿಸೋದಕ್ಕೆ ನಾನೂ ಬರ್ತೀನಪ್ಪ," ಎಂದಷ್ಟೇ ಗೊಣಗಿದ.

ಜನ ಚದುರಿದರು. ಗಾಳಿ ಇನ್ನೂ ಊಳಿಡುತ್ತಲೇ ಇತ್ತು.

"ನಿಂಗೆ ಹೇಳದೇ ಇದ್ದದ್ದು ನನ್ನ ತಪ್ಪು," ಎಫಿ ತಲೆ ತಗ್ಗಿಸಿದಳು. "ಕಳ್ಕೊಂಡುಬಿಡ್ತೀನೇನೋ ಅಂತ..."

"ಇನ್ನು ಹೆದರಿಕೆ ಆದಾಗ ಮೊದಲು ನಂಗೆ ಹೇಳು. ಆಯ್ತಾ?"

"ಈಗಲೂ ಹೆದರಿಕೆ ಆಗ್ತಿದೆ."

"ಯಾಕೆ?"

"ಈಗ ನಾವು ನೆಂಟರು... ದೂರದ ದಾಯಾದಿಗಳು. ಪ್ರೀತಿಸಬಹುದಾ?"

ಅಲೆಕ್ ನಕ್ಕ. "ಊರು ತುಂಬ ಫ್ಲೆಟ್‌ಗಳೇ ಇದ್ದಾರೆ. ನೆಂಟರನ್ನ ಬಿಟ್ಟು ಇಲ್ಲಿ ಇನ್ಯಾರನ್ನ ಪ್ರೀತಿಸ್ತಾರೆ ಹೇಳು?"

ಅವಳೂ ನಕ್ಕಳು, ಅಳುತ್ತಲೇ.

"ಹುಡುಕಿದ ಬೇರು ಸಿಕ್ತಲ್ಲ ನಿಂಗೆ. ಇನ್ನೇನು ಬೇಕು?"

ಅವನು ಅವಳ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದ.

"ಸತ್ತವರನ್ನ ಹುಡುಕೋಕೆ ಇಷ್ಟು ದೂರ ಯಾರು ಬರ್ತಾರೆ, ಎಫಿ?"